ದೀಪ ಹೊತ್ತಿದರೆ ಸಾಲದು

ಎಲೆಕ್ಟ್ರಿಷಿಯನ್ ಆಗಹೊರಟವರ ಮೊದಲ ಕೈಪರೀಕ್ಷೆಯಲ್ಲಿ ಪರೀಕ್ಷಕರು ಹುಡುಕುವುದು ಬೆಳಕಿನ ಹಿಂದೆ ಅಡಗಿ ಕೂತ ತಪ್ಪನ್ನು. ಅದಕ್ಕೆ ತಯಾರಾಗುವುದು ಹೇಗೆ?

ಗೋಡೆಗೆ ಒರಗಿಸಿದ ಮರದ ಹಲಗೆ. ಅದರ ಮೇಲೆ ಪಿವಿಸಿ ಪೈಪು, ಎರಡು ಹೋಲ್ಡರು, ಎರಡು ಸ್ವಿಚ್ಚು, ಮೂರು ಪಿನ್ನಿನ ಒಂದು ಸಾಕೆಟ್ಟು. ಬೆಳಿಗ್ಗೆಯಿಂದ ಅದರ ಮುಂದೆ ನಿಂತ ಹುಡುಗನ ಅಂಗಿ ಬೆವರಿನಲ್ಲಿ ತೊಯ್ದಿದೆ. ಕೊನೆಯ ಸ್ಕ್ರೂ ಬಿಗಿದ. ಫ್ಯೂಸು ಸಿಕ್ಕಿಸಿದ. ಸ್ವಿಚ್ಚು ಒತ್ತಿದ. ದೀಪ ಝಗ್ಗನೆ ಹೊತ್ತಿತು.

'ಆಯ್ತು ಸಾರ್, ಲೈಟು ಹತ್ತಿತು.'

ಹೊರಗಿನಿಂದ ಬಂದ ಪರೀಕ್ಷಕರು ಹತ್ತಿರ ಬಂದರು. 'ಸಂತೋಷ ಕಣಪ್ಪ. ಈಗ ಆರಿಸು' ಎಂದರು. ಆರಿಸಿದ. 'ಬಲ್ಬು ತೆಗಿ.' ತೆಗೆದ. ಪರೀಕ್ಷಕರು ಜೇಬಿನಿಂದ ಟೆಸ್ಟರು ತೆಗೆದು ಹೋಲ್ಡರಿನ ಒಂದು ಪಿನ್ನಿಗೆ ಮುಟ್ಟಿಸಿದರು. ಟೆಸ್ಟರಿನೊಳಗಿನ ಪುಟ್ಟ ನಿಯಾನ್ ದೀಪ ಕೆಂಪಗೆ ಮಿಣುಕಿತು. ಸ್ವಿಚ್ಚು ಆರಿದೆ, ದೀಪ ಆರಿದೆ, ಹೋಲ್ಡರಿನಲ್ಲಿ ಮಾತ್ರ ಕರೆಂಟು ಹಾಗೆಯೇ ಕೂತಿದೆ!

'ನಾಳೆ ಯಾರದೋ ಮನೇಲಿ, ಸ್ವಿಚ್ಚು ಆರಿಸಿದೀನಲ್ಲ ಅಂತ ನಂಬಿಕೊಂಡು ಆ ಮನೆ ತಾಯಿ ಬಲ್ಬು ಬದಲಾಯಿಸೋಕೆ ಸ್ಟೂಲು ಹತ್ತಿದರೆ?'

ಹುಡುಗನ ಬಾಯಿಂದ ಮಾತು ಹೊರಡಲಿಲ್ಲ.

ಇದು ಯಾವುದೋ ಒಂದು ಊರಿನ, ಯಾರೋ ಒಬ್ಬ ಹುಡುಗನ ಕಥೆಯಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳ, ಅಂದರೆ ನಮ್ಮ ಐಟಿಐಗಳ ವರ್ಕ್‌ಶಾಪುಗಳಲ್ಲಿ ಇಂಥ ಪ್ರಸಂಗ ಹೊಸದೂ ಅಲ್ಲ. ಎರಡು ವರ್ಷ ಕಲಿತ ಹುಡುಗ ಹುಡುಗಿಯರು ಮೊದಲ ಬಾರಿಗೆ ಅಪರಿಚಿತರೊಬ್ಬರ ಮುಂದೆ ತಮ್ಮ ಕೈಕೆಲಸ ತೋರಿಸುವ ದಿನ ಅದು. ಆ ದಿನಕ್ಕೆ ತಯಾರಾಗುವುದೆಂದರೆ ದೀಪ ಹೊತ್ತಿಸುವುದನ್ನು ಕಲಿಯುವುದು ಎಂದುಕೊಂಡವರು ಎಡವುವುದು ಇಲ್ಲೇ.

ಮಾತಿಗಿಂತ ಕೈಗೆ ಹೆಚ್ಚು ಬೆಲೆ

ನಮ್ಮ ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾದದ್ದು 1950ರಲ್ಲಿ. ಐಟಿಐಗಳು ಹುಟ್ಟಿದ್ದು ಈ ಯೋಜನೆಯಡಿ. ಎಲೆಕ್ಟ್ರಿಷಿಯನ್ ವೃತ್ತಿಗೆ ಹತ್ತನೆಯ ತರಗತಿ ಪಾಸಾದವರು ಸೇರಬಹುದು. ತರಬೇತಿ ಎರಡು ವರ್ಷ. ಕೊನೆಗೆ ಅಖಿಲ ಭಾರತ ವೃತ್ತಿ ಪರೀಕ್ಷೆ. ಬರವಣಿಗೆಯ ಪತ್ರಿಕೆಗಳು ಈಗ ಕಂಪ್ಯೂಟರಿನ ಮುಂದೆ ಕೂತು ಉತ್ತರ ಆರಿಸುವ ರೂಪಕ್ಕೆ ಬದಲಾಗಿವೆ. ಆದರೆ ಪ್ರಾಯೋಗಿಕ ಪರೀಕ್ಷೆಗೆ ಇಂದಿಗೂ ಪ್ಲೈಯರು, ಸ್ಕ್ರೂಡ್ರೈವರು, ಚಾಕು ಹಿಡಿದೇ ನಿಲ್ಲಬೇಕು.

ಈ ಪರೀಕ್ಷೆಯ ಒಂದು ಲೆಕ್ಕ ಗಮನಿಸಿ. ಥಿಯರಿ ಪತ್ರಿಕೆಯಲ್ಲಿ ಪಾಸಾಗಲು ಶೇಕಡ 33 ಅಂಕ ಸಾಕು. ಪ್ರಾಯೋಗಿಕದಲ್ಲಿ ಶೇಕಡ 60 ಬೇಕೇ ಬೇಕು. ಪುಸ್ತಕದ ಮೂರರಲ್ಲಿ ಎರಡು ಪಾಲು ಮರೆತವನನ್ನು ಕ್ಷಮಿಸುವ ಪರೀಕ್ಷೆ, ಕೈತಪ್ಪು ಮಾಡುವವನನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಇದರ ಹಿಂದೆ ಕಾರಣವಿದೆ. ಪರೀಕ್ಷೆ ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲೋ ವಿದ್ಯುತ್ ಕಂಪೆನಿಯಲ್ಲೋ ಅಪ್ರೆಂಟಿಸ್ ಆಗಿ ದುಡಿಯಬಹುದು. ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ವೈರ್‌ಮನ್ ಪರ್ಮಿಟ್ಟು ಪಡೆಯುವುದು ಮುಂದಿನ ಮೆಟ್ಟಿಲು. ಕಾನೂನಿಗೆ ಈ ಕಾಗದ ಬಹಳ ಮುಖ್ಯ. ಬಲ್ಬು, ಫ್ಯೂಸು ಬದಲಾಯಿಸುವಂಥ ಸಣ್ಣಪುಟ್ಟ ಕೆಲಸ ಬಿಟ್ಟು ಉಳಿದ ವೈರಿಂಗನ್ನು ಪರವಾನಗಿ ಇರುವ ಗುತ್ತಿಗೆದಾರರೇ ಮಾಡಿಸಬೇಕು, ಸಾಮರ್ಥ್ಯದ ಪ್ರಮಾಣಪತ್ರ ಉಳ್ಳವರ ಉಸ್ತುವಾರಿಯಲ್ಲೇ ನಡೆಯಬೇಕು ಎಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 45ನೇ ನಿಯಮ ಹೇಳಿತ್ತು. ಆ ನಿಯಮಗಳ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮಗಳು ಬಂದವು, 2023ರಲ್ಲಿ ಅವೂ ಪರಿಷ್ಕೃತವಾದವು. ತಿರುಳು ಮಾತ್ರ ಅದೇ: ಗೊತ್ತಿಲ್ಲದವನ ಕೈಗೆ ವೈರು ಕೊಡಬೇಡಿ.

ಸಂಖ್ಯೆಗಳು ಈ ಎಚ್ಚರಿಕೆಗೆ ಸಾಕ್ಷಿ ನುಡಿಯುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲಿ, ದೇಶದಲ್ಲಿ ವಿದ್ಯುತ್ ಆಘಾತದಿಂದ ಸಾಯುವವರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಸಾವಿರವನ್ನು ಮೀರಿದೆ. ಮಳೆಗಾಲದಲ್ಲಿ ಬಟ್ಟೆ ಒಣಹಾಕುವ ತಂತಿಗೆ ಕರೆಂಟು ಇಳಿದು, ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿ, ಬಕೆಟ್ಟಿನಲ್ಲಿ ಇಳಿಬಿಟ್ಟ ನೀರು ಕಾಯಿಸುವ ಕಾಯಿಲ್ ತಗುಲಿ ಜೀವ ಹೋದ ಸುದ್ದಿಗಳನ್ನು ಓದದವರು ಯಾರಿದ್ದಾರೆ?

ದೀಪ ಸುಳ್ಳು ಹೇಳುವುದೇಕೆ?

ಮತ್ತೆ ಆ ಹುಡುಗನ ಹಲಗೆಯ ಕಡೆ ನೋಡೋಣ. ಅವನು ಮಾಡಿದ ತಪ್ಪೇನು?

ಮನೆಯ ದೀಪಕ್ಕೆ ಎರಡು ತಂತಿ ಬೇಕು. ಒಂದು ಫೇಸ್, ಅದರಲ್ಲಿ 230 ವೋಲ್ಟಿನ ಒತ್ತಡ. ಇನ್ನೊಂದು ನ್ಯೂಟ್ರಲ್, ಟ್ರಾನ್ಸ್‌ಫಾರ್ಮರಿನ ಬಳಿ ಭೂಮಿಗೆ ಸೇರಿಸಿರುವ ತಂತಿ. ಕರೆಂಟು ಫೇಸಿನಿಂದ ಹೊರಟು ದೀಪದ ಮೂಲಕ ಹಾದು ನ್ಯೂಟ್ರಲ್ ಸೇರಬೇಕು. ಈ ಬಳೆಯನ್ನು ಎಲ್ಲಿ ತುಂಡರಿಸಿದರೂ ದೀಪ ಆರುತ್ತದೆ. ಸ್ವಿಚ್ಚನ್ನು ಫೇಸಿನಲ್ಲಿಟ್ಟರೂ ಸರಿ, ನ್ಯೂಟ್ರಲ್‌ನಲ್ಲಿಟ್ಟರೂ ಸರಿ, ದೀಪಕ್ಕೆ ವ್ಯತ್ಯಾಸ ತಿಳಿಯದು.

ವ್ಯತ್ಯಾಸ ತಿಳಿಯುವುದು ಮನುಷ್ಯನಿಗೆ. ಸ್ವಿಚ್ಚು ಫೇಸಿನಲ್ಲಿದ್ದರೆ, ಆರಿಸಿದಾಗ ಒತ್ತಡ ಸ್ವಿಚ್ಚಿನಲ್ಲೇ ನಿಲ್ಲುತ್ತದೆ, ಹೋಲ್ಡರಿಗೆ ಬರುವುದಿಲ್ಲ. ನ್ಯೂಟ್ರಲ್‌ನಲ್ಲಿದ್ದರೆ, ಆರಿಸಿದಾಗಲೂ ಫೇಸಿನ ಒತ್ತಡ ಹೋಲ್ಡರಿನ ತನಕ ಬಂದು ಕಾದು ಕೂತಿರುತ್ತದೆ. ನ್ಯೂಟ್ರಲ್ ತಂತಿಯಲ್ಲಿ ಒಂಟಿ ಸ್ವಿಚ್ಚನ್ನಾಗಲೀ ಫ್ಯೂಸನ್ನಾಗಲೀ ಹಾಕಕೂಡದು ಎಂಬ ನಿಯಮ ಬಂದದ್ದು ಇದಕ್ಕಾಗಿಯೇ.

ಎಷ್ಟು ಕರೆಂಟು ಅಪಾಯ? 60 ವ್ಯಾಟಿನ ಹಳೆಯ ಬಲ್ಬಿನಲ್ಲಿ ಹರಿಯುವುದು ಸುಮಾರು 260 ಮಿಲಿಆಂಪಿಯರ್. ಒದ್ದೆ ಮೈಯ ರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟು ಮುಟ್ಟಿದವರ ಮೈಯಲ್ಲಿ 230 ಮಿಲಿಆಂಪಿಯರ್ ಹರಿಯುತ್ತದೆ. ಹೆಚ್ಚುಕಡಿಮೆ ಒಂದು ಬಲ್ಬಿನಷ್ಟು! ಸ್ನಾಯುಗಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗದಂತೆ ಮಾಡಲು 10ರಿಂದ 15 ಮಿಲಿಆಂಪಿಯರ್ ಸಾಕು. 50 ಮಿಲಿಆಂಪಿಯರ್ ದಾಟಿ ಕೆಲವು ಕ್ಷಣ ಹರಿದರೆ ಹೃದಯದ ತಾಳ ತಪ್ಪಬಹುದು.

'ಫ್ಯೂಸು ಇದೆಯಲ್ಲ, ಹೋಗುತ್ತೆ ಬಿಡಿ' ಎನ್ನುವವರಿದ್ದಾರೆ. 5 ಆಂಪಿಯರಿನ ಫ್ಯೂಸೆಂದರೆ 5000 ಮಿಲಿಆಂಪಿಯರ್. ಮನುಷ್ಯನ ಪ್ರಾಣ ಹೋದರೂ ಫ್ಯೂಸಿಗೆ ಏನೂ ಆಗದು. ಫ್ಯೂಸು, ಎಂಸಿಬಿಗಳು ಇರುವುದು ಮುಖ್ಯವಾಗಿ ವೈರನ್ನು ಕಾಯಲು. ಮನುಷ್ಯನನ್ನು ಕಾಯುವುದು ಸರಿಯಾದ ಅರ್ತ್ ಮತ್ತು 30 ಮಿಲಿಆಂಪಿಯರ್ ಸೋರಿದೊಡನೆ ಸರಬರಾಜು ಕಡಿದುಹಾಕುವ ಆರ್‌ಸಿಸಿಬಿ ಎಂಬ ಉಪಕರಣ. ಮೌಖಿಕ ಪರೀಕ್ಷೆಯಲ್ಲಿ ಈ ಭೇದವನ್ನು ಬಿಡಿಸಿ ಹೇಳಿದವರನ್ನು ಕಂಡರೆ ಪರೀಕ್ಷಕರಿಗೆ ಸಂತೋಷ.

ಇಂದಿನ ಎಲ್ಇಡಿ ದೀಪಗಳು ಮಾತ್ರ ಕೆಲವೊಮ್ಮೆ ಗುಟ್ಟು ಬಿಟ್ಟುಕೊಡುತ್ತವೆ. ರಾತ್ರಿ ಸ್ವಿಚ್ಚು ಆರಿಸಿದ ಮೇಲೂ ಬಲ್ಬು ಮಂದವಾಗಿ ಮಿನುಗುತ್ತಿದ್ದರೆ, ಸ್ವಿಚ್ಚು ನ್ಯೂಟ್ರಲ್‌ನಲ್ಲಿರುವುದು ಅದಕ್ಕೆ ಒಂದು ಕಾರಣವಿರಬಹುದು. ಬೇರೆ ಕಾರಣಗಳೂ ಉಂಟು. ಏನೇ ಇರಲಿ, ಗೊತ್ತಿರುವವರನ್ನು ಕರೆದು ತೋರಿಸುವುದು ಒಳ್ಳೆಯದು.

ಮೊದಲು ಪೆನ್ಸಿಲು, ಆಮೇಲೆ ಪ್ಲೈಯರು

ಪರೀಕ್ಷೆಯ ಹಾಳೆ ಕೈಗೆ ಬಂದೊಡನೆ ವೈರು ಕತ್ತರಿಸಲು ಹೊರಡುವವರು ಬಹಳ. ಅನುಭವಿ ತರಬೇತಿದಾರರು ಹೇಳುವುದೇ ಬೇರೆ: ಮೊದಲು ಚಿತ್ರ ಬರೆ. ಮುಖ್ಯ ಸ್ವಿಚ್ಚಿನಿಂದ ಕೊನೆಯ ಹೋಲ್ಡರಿನ ತನಕ ಪ್ರತಿ ತಂತಿಯನ್ನೂ ಬಿಡಿಸು. ಯಾವ ಪೈಪಿನಲ್ಲಿ ಎಷ್ಟು ವೈರು ಎಂದು ಎಣಿಸಿ ಬರೆದುಕೋ. ಚಿತ್ರ ಸರಿಯಾದರೆ ಅರ್ಧ ಕೆಲಸ ಮುಗಿದ ಹಾಗೆ. ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ತ್‌ಗೆ ಹಸಿರು ಇಲ್ಲವೆ ಹಳದಿ ಗೆರೆಯ ಹಸಿರು. ಕೈಗೆ ಸಿಕ್ಕಿದ ಬಣ್ಣ ಎಳೆದು ಹಾಕಿದರೂ ದೀಪವೇನೋ ಹೊತ್ತುತ್ತದೆ. ಹತ್ತು ವರ್ಷದ ನಂತರ ಆ ಪೆಟ್ಟಿಗೆ ಬಿಚ್ಚುವ ಇನ್ನೊಬ್ಬ ಎಲೆಕ್ಟ್ರಿಷಿಯನ್ ಮಾತ್ರ ಮೋಸಹೋಗುತ್ತಾನೆ.

ಬಳಿಕ ವೈರು ಸುಲಿಯುವ ಕಲೆ. ಚಾಕುವನ್ನು ವೈರಿನ ಸುತ್ತ ನೇರವಾಗಿ ಒತ್ತಿ ತಿರುಗಿಸಿದರೆ ಒಳಗಿನ ತಾಮ್ರಕ್ಕೆ ಗಾಯವಾಗುತ್ತದೆ. ಗಾಯವಾದ ಕಡೆ ತಂತಿ ತೆಳುವಾಗಿ, ಬಾಗಿಸಿದಾಗ ಮುರಿಯುತ್ತದೆ. ಪೆನ್ಸಿಲು ಹೆರೆದಂತೆ ಓರೆಯಾಗಿ ಹೊದಿಕೆಯನ್ನಷ್ಟೇ ತೆಗೆಯಬೇಕು. ಸ್ಕ್ರೂ ಕೆಳಗೆ ಸಿಕ್ಕಿಸುವ ತಂತಿಯ ಕುಣಿಕೆಯನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಬಾಗಿಸಬೇಕು. ಆಗ ಸ್ಕ್ರೂ ಬಿಗಿದಂತೆಲ್ಲ ಕುಣಿಕೆಯೂ ಒಳಕ್ಕೆ ಬಿಗಿಯುತ್ತದೆ. ತಿರುಗುಮುರುಗಾಗಿ ಹಾಕಿದರೆ ಬಿಗಿಯುವ ಸ್ಕ್ರೂವೇ ಕುಣಿಕೆಯನ್ನು ಹೊರಕ್ಕೆ ತಳ್ಳುತ್ತದೆ.

ಸಡಿಲ ಜೋಡಣೆಯ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. 3 ಕಿಲೋವ್ಯಾಟಿನ ಗೀಸರು 13 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಒಂದು ಸ್ಕ್ರೂ ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡಿತೆನ್ನಿ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖ: 13 ಗುಣಿಸು 13 ಗುಣಿಸು ಅರ್ಧ, ಅಂದರೆ ಸುಮಾರು 85 ವ್ಯಾಟ್. ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ ಕಡ್ಡಿಗೆ 25 ವ್ಯಾಟ್ ಸಾಕಾಗುತ್ತದೆ. ಅಂಥ ಮೂರು ಕಾದ ಕಡ್ಡಿಗಳನ್ನು ಪ್ಲಾಸ್ಟಿಕ್ಕಿನ ಸಾಕೆಟ್ಟಿನೊಳಗೆ ಬಿಟ್ಟ ಹಾಗಾಯಿತು. ಗೀಸರು ಮಾತ್ರ ಏನೂ ಆಗದವರ ಹಾಗೆ ನೀರು ಕಾಯಿಸುತ್ತಲೇ ಇರುತ್ತದೆ, ಸುಟ್ಟ ವಾಸನೆ ಬರುವ ತನಕ.

ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಕೆಲಸ ಮೆಟ್ಟಿಲ ವೈರಿಂಗು. ಒಂದೇ ದೀಪ, ಮೆಟ್ಟಿಲ ಕೆಳಗೊಂದು ಮೇಲೊಂದು ಟೂ ವೇ ಸ್ವಿಚ್ಚು. ಎರಡು ಸ್ವಿಚ್ಚಿಗೂ ಎರಡೆರಡು ಸ್ಥಿತಿ, ಒಟ್ಟು ನಾಲ್ಕು ಬಗೆ. ಎರಡರಲ್ಲಿ ದೀಪ ಹೊತ್ತಬೇಕು, ಎರಡರಲ್ಲಿ ಆರಬೇಕು. ನಡುವಿನ ಕಾಮನ್ ಟರ್ಮಿನಲ್ಲನ್ನು ತಪ್ಪಾಗಿ ಹಿಡಿದರೆ, ಒಂದು ಸ್ವಿಚ್ಚು ಒಂದು ಕಡೆಗಿದ್ದಾಗ ಮಾತ್ರ ಇನ್ನೊಂದು ಕೆಲಸ ಮಾಡುತ್ತದೆ. ಒಂದೇ ಸಲ ಒತ್ತಿ, ದೀಪ ಹೊತ್ತಿತೆಂದು ಹಿಗ್ಗುವವನಿಗೆ ಈ ತಪ್ಪು ಕಾಣದು. ನಾಲ್ಕು ಬಗೆಯನ್ನೂ ಒಂದೊಂದಾಗಿ ಒತ್ತಿ ನೋಡಿದವನಿಗೆ ಅಡಗಲಾರದು.

ಗೋಡೆಯೊಳಗಿನ ಗಾಯ

ಕನ್ನಡ ನಾಡಿಗೆ ವಿದ್ಯುತ್ತಿನ ನಂಟು ಹಳೆಯದು. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂತು. ಅಲ್ಲಿಂದ ಮನೆಮನೆಗೆ ಬಂದ ವೈರಿಂಗು ಬಹುಕಾಲ ಗೋಡೆಯ ಮೇಲೆಯೇ ಇತ್ತು. ತೇಗದ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪು, ಕ್ಲಿಪ್ಪಿನಲ್ಲಿ ಸಾಲಾಗಿ ಕೂತ ವೈರು. ಹಳೆಯ ಮನೆಗಳಲ್ಲಿ ಇಂದಿಗೂ ಅದನ್ನು ಕಾಣಬಹುದು. ನೋಡಲು ಅಂದವಲ್ಲದಿದ್ದರೂ ಅದರಲ್ಲೊಂದು ಅನುಕೂಲವಿತ್ತು: ವೈರು ಹಳತಾಗಿ ಬಿರಿದರೆ ಕಣ್ಣಿಗೆ ಬೀಳುತ್ತಿತ್ತು.

ಈಗ ಎಲ್ಲವೂ ಗೋಡೆಯೊಳಗೆ. ಪೈಪಿನೊಳಗೆ ವೈರು ಎಳೆಯುವಾಗ ಮೂಲೆಯ ಬೆಂಡಿನಲ್ಲಿ ಹೊದಿಕೆ ತರಚಿದರೆ ಯಾರಿಗೂ ಕಾಣದು. ಮೇಲೆ ಗಾರೆ, ಅದರ ಮೇಲೆ ಬಣ್ಣ. ದೀಪವಂತೂ ಹೊತ್ತುತ್ತದೆ. ಮಳೆಗಾಲದಲ್ಲಿ ಗೋಡೆ ನೆನೆದಾಗ ಗಾಯದಿಂದ ಕರೆಂಟು ಸೋರತೊಡಗುತ್ತದೆ.

ಈ ಕಾಣದ ಗಾಯವನ್ನು ಹಿಡಿಯುವುದು ಮೆಗ್ಗರ್. ಹಿಡಿ ತಿರುಗಿಸುವ ಪುಟ್ಟ ಪೆಟ್ಟಿಗೆ. ಈಗ ಬ್ಯಾಟರಿಯವೂ ಬಂದಿವೆ. ಮನೆಯ ವೈರಿಂಗಿಗೆ ಅದು 500 ವೋಲ್ಟಿನ ನೇರ ವಿದ್ಯುತ್ತನ್ನು ಒತ್ತಿ, ಹೊದಿಕೆಯಲ್ಲಿ ಎಷ್ಟು ಸೋರುತ್ತದೆಂದು ಅಳೆಯುತ್ತದೆ. ವೈರಿಗೂ ಭೂಮಿಗೂ ನಡುವೆ ಕನಿಷ್ಠ ಒಂದು ಮೆಗಾಓಮ್, ಅಂದರೆ ಹತ್ತು ಲಕ್ಷ ಓಮ್ ರೋಧ ತೋರಿಸಬೇಕು.

ಇದರಲ್ಲಿ ಪರೀಕ್ಷಕರು ಕೇಳುವ ಒಂದು ಜಾಣ ಪ್ರಶ್ನೆಯಿದೆ. ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಮೆಗ್ಗರ್ ಹಿಡಿಯುವಾಗ ಬಲ್ಬುಗಳನ್ನು ಏಕೆ ತೆಗೆಯಬೇಕು? ತೆಗೆಯದಿದ್ದರೆ ಬಲ್ಬಿನೊಳಗಿನ ಎಳೆಯ ಮೂಲಕವೇ ದಾರಿ ಸಿಕ್ಕಿ ಮುಳ್ಳು ಸೊನ್ನೆಯ ಹತ್ತಿರ ಬೀಳುತ್ತದೆ. ಒಳ್ಳೆಯ ವೈರಿಂಗೂ ಕೆಟ್ಟದ್ದೆಂದು ಕಾಣುತ್ತದೆ. ಸ್ವಿಚ್ಚುಗಳನ್ನು ಒತ್ತಿಯೇ ಇಡುವುದೇಕೆ? ಇಡದಿದ್ದರೆ ಸ್ವಿಚ್ಚಿನಿಂದ ಹೋಲ್ಡರಿನ ತನಕದ ತಂತಿ ಪರೀಕ್ಷೆಗೆ ಒಳಪಡುವುದೇ ಇಲ್ಲ. ಬಾಯಿಪಾಠ ಮಾಡಿದವನು ಇಲ್ಲಿ ತಡವರಿಸುತ್ತಾನೆ. ಒಮ್ಮೆ ಬಲ್ಬು ಇಟ್ಟು, ಒಮ್ಮೆ ತೆಗೆದು ತಾನೇ ಅಳೆದು ನೋಡಿದವನಿಗೆ ಉತ್ತರ ತಾನಾಗಿ ಬರುತ್ತದೆ.

ಮೂರನೆಯ ಪಿನ್ನು

ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಮೇಲಿನ ದೊಡ್ಡ ತೂತು ಅರ್ತ್. ಪ್ಲಗ್ಗಿನ ಅರ್ತ್ ಪಿನ್ನು ಉಳಿದೆರಡಕ್ಕಿಂತ ದಪ್ಪ, ಉದ್ದವೂ ಹೆಚ್ಚು. ಚುಚ್ಚುವಾಗ ಅದು ಮೊದಲು ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು ಎಂಬುದು ಅದರ ಮರ್ಮ.

ಕೆಲಸದ ದೃಷ್ಟಿಯಿಂದ ನೋಡಿದರೆ ಅರ್ತ್‌ನಷ್ಟು ಸೋಮಾರಿ ತಂತಿ ಇನ್ನೊಂದಿಲ್ಲ. ಮಿಕ್ಸಿ ತಿರುಗಲು, ಇಸ್ತ್ರಿ ಪೆಟ್ಟಿಗೆ ಕಾಯಲು ಅದು ಬೇಕಿಲ್ಲ. ಹಾಗಾಗಿಯೇ ಅವಸರದ ಕೆಲಸದಲ್ಲಿ ಮೊದಲು ತಪ್ಪಿಹೋಗುವುದು ಅದೇ. ಇನ್ನೂ ಕೆಟ್ಟ ಚಾಳಿಯೆಂದರೆ ಸಾಕೆಟ್ಟಿನೊಳಗೆ ಅರ್ತ್ ಟರ್ಮಿನಲ್ಲಿಗೆ ನ್ಯೂಟ್ರಲ್‌ನಿಂದ ಒಂದು ತುಂಡು ವೈರು ಸೇರಿಸಿಬಿಡುವುದು. ಫೇಸಿಗೂ ಅರ್ತ್‌ಗೂ ಟೆಸ್ಟ್ ಲ್ಯಾಂಪ್ ಹಿಡಿದರೆ ದೀಪ ಪ್ರಕಾಶವಾಗಿಯೇ ಉರಿಯುತ್ತದೆ. ನೋಡಿದವರಿಗೆ 'ಅರ್ತ್ ಚೆನ್ನಾಗಿದೆ' ಎನಿಸುತ್ತದೆ. ಆದರೆ ಮುಂದೊಂದು ದಿನ ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದರೆ, ಮಿಕ್ಸಿಯೊಳಗಿಂದ ಹಾದುಬಂದ ಫೇಸಿನ ಒತ್ತಡ ಆ ತುಂಡು ವೈರಿನ ದಾರಿ ಹಿಡಿದು ಮಿಕ್ಸಿಯ ಲೋಹದ ಮೈಗೇ ಬಂದು ನಿಲ್ಲುತ್ತದೆ. ಕಾಪಾಡಬೇಕಾದ ಪಿನ್ನೇ ಕೊಲ್ಲುವ ಪಿನ್ನಾಗುತ್ತದೆ. ಸಾಕೆಟ್ಟಿನಲ್ಲಿ ಇಂಥ ತುಂಡು ವೈರು ಕಂಡರೆ ಪರೀಕ್ಷಕರು ಉಳಿದ ಕೆಲಸ ಎಷ್ಟೇ ಅಂದವಾಗಿದ್ದರೂ ಮೆಚ್ಚಲಾರರು.

ಅರ್ತ್ ಗುಂಡಿಯ ವಿವರಗಳೂ ನೆನಪಿರಬೇಕು. ಪೈಪ್ ಅರ್ತಿಂಗಿಗೆ ಜಿಐ ಪೈಪಿನ ಒಳ ವ್ಯಾಸ 38 ಮಿಲಿಮೀಟರಿಗೆ ಕಡಿಮೆ ಇರಬಾರದು, ಉದ್ದ ಎರಡೂವರೆ ಮೀಟರಿಗೆ ಕಡಿಮೆ ಇರಬಾರದು. ಸುತ್ತ ಇದ್ದಿಲು, ಉಪ್ಪು ತುಂಬುವುದು ಹಳೆಯ ಪದ್ಧತಿ. ಇದ್ದಿಲು ತೇವವನ್ನು ಹಿಡಿದಿಡುತ್ತದೆ, ಉಪ್ಪು ಆ ತೇವದಲ್ಲಿ ಕರಗಿ ಕರೆಂಟಿಗೆ ದಾರಿ ಸುಗಮ ಮಾಡುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ನೀರು ಹಾಕಲೆಂದೇ ಮೇಲೆ ಆಲಿಕೆ ಇಡುತ್ತಾರೆ. ಬಯಲುಸೀಮೆಯಲ್ಲಿ ಎಷ್ಟು ಮನೆಯವರು ಆ ಆಲಿಕೆಗೆ ನೀರು ಹಾಕುತ್ತಾರೆ ಎಂಬುದು ಬೇರೆ ಮಾತು.

ಸತ್ತಿದೆ ಎಂದು ಸಾಬೀತುಮಾಡು

ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡುವುದು ಸುರಕ್ಷತೆಯ ಅಭ್ಯಾಸವನ್ನು. ಮುಖ್ಯ ಸ್ವಿಚ್ಚು ಆರಿಸಬೇಕು. ಫ್ಯೂಸಿನ ಹಿಡಿಯನ್ನು ಕಿತ್ತು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಬೋರ್ಡಿನ ಮೇಲೆ ಬಿಟ್ಟುಹೋದರೆ ಬೇರೆ ಯಾರೋ 'ಕರೆಂಟು ಹೋಗಿದೆ' ಎಂದು ಸಿಕ್ಕಿಸಿಬಿಟ್ಟಾರು. 'ಕೆಲಸ ನಡೆಯುತ್ತಿದೆ' ಎಂಬ ಫಲಕ ತೂಗುಹಾಕಬೇಕು. ಇಷ್ಟಾದ ಮೇಲೂ ವೈರನ್ನು ಮುಟ್ಟುವಂತಿಲ್ಲ. ಅದು ಸತ್ತಿದೆ ಎಂದು ಸಾಬೀತಾಗಬೇಕು.

ಸಾಬೀತು ಮಾಡುವುದು ಹೇಗೆ? ಟೆಸ್ಟರು ಮುಟ್ಟಿಸಿದೆ, ಮಿಣುಕಲಿಲ್ಲ, ಆದ್ದರಿಂದ ಕರೆಂಟಿಲ್ಲ ಎನ್ನುವುದು ಅರ್ಧ ಉತ್ತರ. ನಿಯಾನ್ ಟೆಸ್ಟರಿನ ಪುಟ್ಟ ದೀಪ ಹೊತ್ತುವುದು ಅದನ್ನು ಹಿಡಿದವನ ಮೈಯ ಮೂಲಕ ಭೂಮಿಗೆ ಹರಿಯುವ ಅತ್ಯಲ್ಪ ಕರೆಂಟಿನಿಂದ. ಒಣ ಮರದ ಸ್ಟೂಲಿನ ಮೇಲೆ ನಿಂತಿದ್ದರೆ ಬೆಳಕು ಮಂದವಾಗಬಹುದು. ಬಿಸಿಲಿನಲ್ಲಿ ಕಣ್ಣಿಗೆ ಕಾಣದೆ ಹೋಗಬಹುದು. ಟೆಸ್ಟರೇ ಕೆಟ್ಟಿರಬಹುದು. ಆದ್ದರಿಂದ ಮೊದಲು ಕರೆಂಟಿದೆಯೆಂದು ಗೊತ್ತಿರುವ ಕಡೆ ಹಿಡಿದು ಟೆಸ್ಟರನ್ನು ಪರೀಕ್ಷಿಸಬೇಕು, ಬಳಿಕ ಕೆಲಸ ಮಾಡುವ ಕಡೆ ಹಿಡಿಯಬೇಕು, ಮತ್ತೆ ಗೊತ್ತಿರುವ ಕಡೆ ಹಿಡಿದು ಟೆಸ್ಟರು ಇನ್ನೂ ಸರಿಯಾಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಮೂರೂ ಆದ ಮೇಲೆಯೇ ಕೈ ಮುಂದೆ ಹೋಗಬೇಕು.

ಈಗಿನ ಮನೆಗಳಲ್ಲಿ ಇನ್ನೊಂದು ಬಲೆಯಿದೆ. ಮುಖ್ಯ ಸ್ವಿಚ್ಚು ಆರಿಸಿದ ಮರುಕ್ಷಣವೇ ಮೂಲೆಯ ಇನ್ವರ್ಟರು ಎದ್ದು ಕೂರುತ್ತದೆ. ಮೇನ್ ಆಫ್ ಆದರೂ ಕೆಲವು ವೈರುಗಳಲ್ಲಿ ಜೀವ ಹಾಗೇ ಇರುತ್ತದೆ. ಇನ್ವರ್ಟರನ್ನೂ ಬೇರ್ಪಡಿಸಿದೆಯಾ ಎಂದು ತನ್ನನ್ನೇ ಕೇಳಿಕೊಳ್ಳದವನು ಹಳೆಯ ಪುಸ್ತಕವನ್ನಷ್ಟೇ ಓದಿದ್ದಾನೆ ಎಂದರ್ಥ.

ಹಳೆಯದೆಂದಾಗ ನೆನಪಾಗುವುದು ವರ್ಕ್‌ಶಾಪಿನ ಗೋಡೆಯ ಮೇಲಿನ ವಿದ್ಯುತ್ ಆಘಾತ ಚಿಕಿತ್ಸೆಯ ಪಟ. ರೋಗಿಯನ್ನು ಬೋರಲು ಮಲಗಿಸಿ ಬೆನ್ನು ಒತ್ತುವ, ತೋಳು ಎತ್ತಿ ಇಳಿಸುವ ಚಿತ್ರಗಳು ಹಳೆಯ ಪಟಗಳಲ್ಲಿವೆ. ಈಗಿನ ವಿಧಾನ ಬೇರೆ. ಮೊದಲು ಕರೆಂಟು ತೆಗೆಯಬೇಕು; ಆಗದಿದ್ದರೆ ಒಣ ಮರದ ಕೋಲಿನಿಂದ ಬೇರ್ಪಡಿಸಬೇಕು, ಬರಿಗೈಯಲ್ಲಿ ಮುಟ್ಟಲೇಬಾರದು. ಹೈ ಟೆನ್ಷನ್ ತಂತಿಯಾದರೆ ಹತ್ತಿರವೂ ಹೋಗದೆ ವಿದ್ಯುತ್ ಕಂಪೆನಿಗೆ ತಿಳಿಸಿ ಕರೆಂಟು ತೆಗೆಸಬೇಕು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ಕಲಿತವರು 30 ಒತ್ತಿಗೆ ಎರಡು ಬಾರಿ ಬಾಯುಸಿರು ಕೊಡುತ್ತಾರೆ. ಜೊತೆಗೇ ಯಾರಾದರೂ 108ಕ್ಕೆ ಫೋನು ಮಾಡಬೇಕು. ಇದನ್ನು ಗೆಳೆಯರು ಸೇರಿ ಪರೀಕ್ಷೆಗೆ ಮುಂಚೆ ಗೊಂಬೆಯ ಮೇಲೆ ಅಭ್ಯಾಸ ಮಾಡುವುದು ಅಗತ್ಯ. ಅಂಕಕ್ಕಿಂತ ಹೆಚ್ಚಿನದು ಅದರಲ್ಲಿದೆ.

ಬೋರ್ಡಿನ ಮುಂದೆ ನಿಲ್ಲುವ ಮುನ್ನ

* ಹಿಂದಿನ ದಿನವೇ ಹತಾರ ನೋಡಿಕೊಳ್ಳಿ. ಪ್ಲೈಯರಿನ ಹಿಡಿಯ ಹೊದಿಕೆ ಹರಿದಿದ್ದರೆ ಬದಲಾಯಿಸಿ. ಟೆಸ್ಟರನ್ನು ಸ್ಕ್ರೂಡ್ರೈವರಾಗಿ ಬಳಸಿ ಕೆಡಿಸಬೇಡಿ.

* ಉಂಗುರ, ಕೈಬಳೆ, ಲೋಹದ ಪಟ್ಟಿಯ ವಾಚು ಮನೆಯಲ್ಲೇ ಇರಲಿ. ಕಾಲಿಗೆ ಚಪ್ಪಲಿ ಬೇಡ, ಬೂಟು ಇರಲಿ.

* ಸಿಕ್ಕ ಸಮಯದ ಮೊದಲ ಪಾಲು ಚಿತ್ರಕ್ಕೆ, ಕೊನೆಯ ಪಾಲು ಪರೀಕ್ಷೆಗೆ ಮೀಸಲಿಡಿ. ನಡುವಿನದಷ್ಟೇ ವೈರಿಂಗಿಗೆ.

* ಪ್ರತಿ ಸ್ಕ್ರೂ ಬಿಗಿದ ಮೇಲೆ ವೈರನ್ನು ಮೆಲ್ಲಗೆ ಎಳೆದು ನೋಡಿ. ಬರುವುದಾದರೆ ಈಗಲೇ ಬರಲಿ.

* ಕರೆಂಟು ಕೊಡುವ ಮುಂಚೆ ತಂತಿ ಕೂಡಿದೆಯೇ, ಹೊದಿಕೆ ಸರಿಯಿದೆಯೇ, ಸ್ವಿಚ್ಚು ಫೇಸಿನಲ್ಲಿದೆಯೇ, ಅರ್ತ್ ಸೇರಿದೆಯೇ ಎಂದು ಕ್ರಮವಾಗಿ ನೋಡಿ.

* ಇಂಗ್ಲಿಷ್ ಪದ ನೆನಪಾಗದಿದ್ದರೆ ಹೆದರಬೇಡಿ. ಗೊತ್ತಿರುವುದನ್ನು ಕನ್ನಡದಲ್ಲೇ ಸ್ಪಷ್ಟವಾಗಿ ಹೇಳಿ.

* ತಪ್ಪಾಗಿದೆಯೆಂದು ತಿಳಿದರೆ ಮುಚ್ಚಬೇಡಿ. ಕರೆಂಟು ತೆಗೆದು, ಬಿಚ್ಚಿ ಸರಿಮಾಡಿ.

ಯಾರೂ ನೋಡದಿರುವಾಗ

ಈ ಕೊನೆಯ ಮಾತು ಹೇಳಿದಷ್ಟು ಸುಲಭವಲ್ಲ. ಐಟಿಐ ಸೇರುವ ಅನೇಕ ಮಕ್ಕಳ ಹಿಂದೆ ಒಂದು ಮನೆಯ ನಿರೀಕ್ಷೆಯಿರುತ್ತದೆ. ಬೇಗ ಕೆಲಸ ಕಲಿತು ನಾಲ್ಕು ಕಾಸು ತರಲಿ ಎಂದು ಕಾಯುವ ಅಪ್ಪ, ಓದುತ್ತಿರುವ ತಂಗಿ. ಹತ್ತಿದ ದೀಪವನ್ನು ಆರಿಸಿ, ಮುಗಿದಂತೆ ಕಂಡ ಕೆಲಸವನ್ನು ತಾನೇ ಬಿಚ್ಚಲು ಅಂಥ ಹೊತ್ತಿನಲ್ಲಿ ಧೈರ್ಯ ಬೇಕು. ಆದರೆ ಆ ಧೈರ್ಯವೇ ಈ ವೃತ್ತಿಯ ಬಂಡವಾಳ.

ಏಕೆಂದರೆ ಪರೀಕ್ಷಕರು ಹೋಲ್ಡರಿಗೆ ಟೆಸ್ಟರು ಮುಟ್ಟಿಸುವುದು ಆ ಒಂದು ದಿನ ಮಾತ್ರ. ಮುಂದೆ ಹಳ್ಳಿಯ ಹೊಸ ಮನೆಯಲ್ಲಿ, ತೋಟದ ಪಂಪ್‌ಹೌಸಿನಲ್ಲಿ, ಮದುವೆ ಚಪ್ಪರದಲ್ಲಿ ಅವನ ಕೆಲಸವನ್ನು ಬಿಚ್ಚಿ ನೋಡುವವರು ವಿರಳ. ಮನೆಯ ಯಜಮಾನರಿಗೆ ಗೊತ್ತಿರುವುದು ಒಂದೇ: ಸ್ವಿಚ್ಚು ಒತ್ತಿದರೆ ದೀಪ ಹೊತ್ತಬೇಕು. ಸರಿಯಾದ ಕೆಲಸದ ಮನೆಯಲ್ಲೂ ಹೊತ್ತುತ್ತದೆ, ತಪ್ಪು ಕೆಲಸದ ಮನೆಯಲ್ಲೂ ಹೊತ್ತುತ್ತದೆ. ಎರಡರ ನಡುವಿನ ವ್ಯತ್ಯಾಸ ಗೊತ್ತಿರುವವನು ಎಲೆಕ್ಟ್ರಿಷಿಯನ್ ಒಬ್ಬನೇ. ಅವನು ಹೇಳದಿದ್ದರೆ ಒಂದು ದಿನ ಸಾವು ಹೇಳುತ್ತದೆ.

ಹಾಗಾದರೆ ಆ ಹುಡುಗನ ಗತಿ? ಮೊದಲ ಸಲ ಎಡವಿದವರಿಗೆ ಮರುಪರೀಕ್ಷೆಯ ಬಾಗಿಲು ತೆರೆದಿರುತ್ತದೆ. ಮತ್ತೊಮ್ಮೆ ಅದೇ ಮರದ ಹಲಗೆ, ಅದೇ ಎರಡು ಹೋಲ್ಡರು, ಎರಡು ಸ್ವಿಚ್ಚು. ದೀಪ ಹೊತ್ತಿತು. ಈ ಸಲ ಅವನು ಪರೀಕ್ಷಕರನ್ನು ಕರೆಯಲಿಲ್ಲ. ಸ್ವಿಚ್ಚು ಆರಿಸಿ, ಬಲ್ಬು ತೆಗೆದು, ಟೆಸ್ಟರನ್ನು ಮೊದಲು ಕರೆಂಟಿರುವ ಸಾಕೆಟ್ಟಿಗೆ ಹಿಡಿದ. ಮಿಣುಕಿತು. ಹೋಲ್ಡರಿನ ಒಂದು ಪಿನ್ನಿಗೆ, ಆಮೇಲೆ ಇನ್ನೊಂದಕ್ಕೆ ಹಿಡಿದ. ಮಿಣುಕಲಿಲ್ಲ. ಮತ್ತೆ ಸಾಕೆಟ್ಟಿಗೆ ಹಿಡಿದ. ಮಿಣುಕಿತು.

ಆಮೇಲೆ ಬಲ್ಬನ್ನು ಮೆಲ್ಲಗೆ ತಿರುಗಿಸಿ ಕೂರಿಸಿ ಹೇಳಿದ: 'ಈಗ ನೋಡಿ ಸಾರ್.'